ಲೋನ್ ಬೇಡ ಕಣಮ್ಮಾ, ಊಟ ಆಯ್ತಾ?

ಮಧ್ಯಾಹ್ನ ಎರಡೂವರೆ ಇರಬೇಕು. ನಾನು ಒಳಗೆ ಸಂವಿಧಾನದ ಪುಸ್ತಕ ಬಿಡಿಸಿಕೊಂಡು ಕೂತಿದ್ದೆ. ಹೊರಗೆ ಜಗಲಿಯಲ್ಲಿ ತಾತ ಫೋನಿನಲ್ಲಿ ಮಾತಾಡುತ್ತಿದ್ದರು.

‘ಲೋನೆಲ್ಲಾ ಬೇಡ ಕಣಮ್ಮಾ. ಅದಿರ್ಲಿ, ನಿಂದು ಊಟ ಆಯ್ತಾ? ಏನು ಸಾರು? ಯಾವೂರು ನಿಂದು? ಚಿಂತಾಮಣಿ ಹತ್ರಾನಾ? ಅಲ್ಲಿ ನಮ್ಮೋರು ಅವ್ರೆ ಕಣಮ್ಮಾ...’

ಅಲ್ಲಿಗೆ ಮಾತು ನಿಂತಿತು. ‘ಹಲೋ, ಹಲೋ’ ಅಂದರು. ಫೋನನ್ನು ಸ್ವಲ್ಪ ಹೊತ್ತು ನೋಡಿ, ಟವೆಲ್ಲಿನಿಂದ ಒರೆಸಿ, ಜೇಬಿಗೆ ಹಾಕಿಕೊಂಡರು.

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರೇನೋ. ನನಗೆ ನಗು ಬರಲಿಲ್ಲ. ಏಕೆಂದರೆ ನಾಲ್ಕು ತಿಂಗಳ ಹಿಂದಿನವರೆಗೆ ಆ ಕಡೆ ಫೋನ್ ಹಿಡಿದು ಕೂರುತ್ತಿದ್ದ ಹುಡುಗಿ ನಾನೇ.

ಬಂಗಾರಪೇಟೆಯಲ್ಲಿ ಬಿ.ಕಾಂ ಮುಗಿಸಿದ ಮೇಲೆ ಎರಡು ವರ್ಷ ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ ಕೆಲಸ ಮಾಡಿದೆ. ನಮ್ಮ ಕಡೆಯವರಿಗೆ ಕನ್ನಡ, ತೆಲುಗು, ತಮಿಳು ಮೂರೂ ಬರುತ್ತದೆಂದು ಅಲ್ಲಿ ಬೇಗ ಕೆಲಸ ಸಿಗುತ್ತದೆ. ಒಂದು ಕರೆ ಎಷ್ಟು ನಿಮಿಷದಲ್ಲಿ ಮುಗಿಯಬೇಕು ಎಂಬುದಕ್ಕೆ ಲೆಕ್ಕವಿರುತ್ತದೆ. ಲೆಕ್ಕ ಮೀರಿದರೆ ಇನ್ಸೆಂಟಿವ್ ಹೋಯಿತು. ಆ ಲೆಕ್ಕವನ್ನು ಸದಾ ಕೆಡಿಸುತ್ತಿದ್ದವರು ವಯಸ್ಸಾದವರು. ಸಾಲ ಬೇಕಿರುತ್ತಿರಲಿಲ್ಲ, ವಿಮೆ ಬೇಕಿರುತ್ತಿರಲಿಲ್ಲ, ಆದರೂ ಫೋನ್ ಇಡುತ್ತಿರಲಿಲ್ಲ. ಒಬ್ಬ ಅಜ್ಜಿ ಅಂತೂ ‘ಇನ್ನೊಂದು ಸ್ವಲ್ಪ ಮಾತಾಡು ತಾಯಿ, ಮನೇಲಿ ಯಾರೂ ಇಲ್ಲ’ ಅಂದಿದ್ದರು. ನಾನು ಬರೆದುಕೊಟ್ಟಿದ್ದ ಸಾಲನ್ನೇ ಓದಿದೆ: ‘ನಿಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದಗಳು.’ ಓದಿ ಕಟ್ ಮಾಡಿದೆ. ಆ ದಿನ ನನ್ನ ಟಾರ್ಗೆಟ್ ಮುಟ್ಟಿತ್ತು. ಖುಷಿಯಾಗಿಯೇ ರೈಲು ಹತ್ತಿದ್ದೆ.

ಕಾಂಟ್ರ್ಯಾಕ್ಟ್ ಮುಗಿದ ಮೇಲೆ ಕಂಪನಿ ಮತ್ತೆ ಕರೆಯಲಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದೋಣವೆಂದರೆ ಬಂಗಾರಪೇಟೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಜಾಗವಿಲ್ಲ. ಅಮ್ಮ ಹೇಳಿದಳು, ‘ಚಾಂಪಿಯನ್ ರೀಫ್‌ಗೆ ಹೋಗಿ ತಾತನ ಜೊತೆ ಇರು. ನಿನಗೂ ಓದಿದ ಹಾಗಾಯ್ತು, ಅವರಿಗೂ ಜೊತೆಯಾಯ್ತು.’ ಅಜ್ಜಿ ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

ಹೀಗೆ ತಾತನಿಗೆ ‘ಜೊತೆ’ಯಾಗಲು ಹೋದವಳು ನಾನು. ಮೂರು ವಾರ ಒಂದೇ ಸೂರಿನಡಿ ಇದ್ದೆವು. ಆ ಮೂರು ವಾರದಲ್ಲಿ ನಾನು ಅವರಿಗೆ ಹೇಳಿದ್ದು ‘ಊಟಕ್ಕೆ ಬನ್ನಿ’, ‘ಟಿವಿ ಸೌಂಡ್ ಕಮ್ಮಿ ಮಾಡಿ’, ‘ಬಾಗಿಲು ಹಾಕ್ಕೊಳ್ಳಿ’. ಅಷ್ಟೇ. ಕಿವಿಯಲ್ಲಿ ಇಯರ್‌ಫೋನ್ ಇರುತ್ತಿತ್ತು. ಲೋನ್ ಮಾರುವ ಹುಡುಗಿಯ ಜತೆ ಅವರು ಮಾತಾಡಿದ್ದನ್ನು ಕೇಳಿಸಿಕೊಂಡ ದಿನ ಲೆಕ್ಕ ಹಾಕಿ ನೋಡಿದೆ. ಮೂರು ವಾರದಲ್ಲಿ ನನ್ನ ಜತೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಅವರು ಆ ಒಂದು ಕರೆಯಲ್ಲಿ ಆಡಿದ್ದರು.

ಸೈರನ್ ನಿಂತ ಮೇಲೆ

ನಮ್ಮೂರು ನೋಡದವರಿಗೆ ಸ್ವಲ್ಪ ಹೇಳಬೇಕು. ಕೆಜಿಎಫ್ ಅಂದರೆ ನಿಮಗೆ ಸಿನಿಮಾ ನೆನಪಾಗುತ್ತದೆ. ನಮಗೆ ನೆನಪಾಗುವುದು ಪಾಳಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆಗೆ ಇಳಿದಂದಿನಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಇಡೀ ಊರು ಗಣಿಯ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು, ಸೈರನ್ನಿಗೆ ಮಲಗಿತು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಅಷ್ಟು ಆಳದಲ್ಲಿ, ಮುಟ್ಟಿದರೆ ಸುಡುವ ಬಂಡೆಗಳ ನಡುವೆ ಒಬ್ಬನೇ ಕೆಲಸ ಮಾಡಲು ಆಗುವುದಿಲ್ಲ. ಗ್ಯಾಂಗ್ ಇರಲೇಬೇಕು. ಪಕ್ಕದವನು ಕಣ್ಣಿಗೆ ಬೀಳುತ್ತಿದ್ದಾನಾ ಎಂದು ನೋಡಿಕೊಳ್ಳುವುದೂ ಕೆಲಸದ ಭಾಗವೇ. ತಾತ ಇಪ್ಪತ್ತನೇ ವಯಸ್ಸಿಗೆ ಕೇಜ್ ಹತ್ತಿ ಕೆಳಗಿಳಿದವರು. ಮೂವತ್ತು ವರ್ಷ ಇಳಿದರು, ಹತ್ತಿದರು.

2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಹೋದದ್ದು ಸಂಬಳ ಮಾತ್ರ ಅಂತ ನಾನು ಅಂದುಕೊಂಡಿದ್ದೆ. ಈಗ ಅರ್ಥವಾಗುತ್ತಿದೆ: ಅವತ್ತಿನಿಂದ ‘ಇವತ್ತು ಯಾಕೆ ಬರಲಿಲ್ಲ?’ ಎಂದು ತಾತನನ್ನು ಯಾರೂ ಕೇಳಿಲ್ಲ.

ಮಕ್ಕಳು ಬೆಂಗಳೂರಿನ ದಾರಿ ಹಿಡಿದರು. ನಸುಕಿನಲ್ಲೇ ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್, ಬೆಮೆಲ್ ನಗರ ಎನ್ನುತ್ತಾ ಒಂದೊಂದು ಸ್ಟೇಷನ್ನಿನಲ್ಲೂ ಜನರನ್ನು ತುಂಬಿಕೊಳ್ಳುವ ರೈಲು ಬಂಗಾರಪೇಟೆ ದಾಟುವಷ್ಟರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೋದವರು ವಾಪಸ್ ಬರುವುದು ಕತ್ತಲಾದ ಮೇಲೆ. ಬಂದವರಿಗೆ ಮಾತಾಡುವ ತ್ರಾಣ ಇರುವುದಿಲ್ಲ. ಎರಡು ವರ್ಷ ನಾನೂ ಹಾಗೇ ಬಂದು ಬಿದ್ದುಕೊಂಡವಳು. ನಮ್ಮೂರಿನ ಹಗಲು ಹೇಗಿರುತ್ತದೆ ಎಂದು ನಾನು ನೋಡಿದ್ದು ಕೆಲಸ ಹೋದ ಮೇಲೆಯೇ. ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸುತ್ತಿರುತ್ತದೆ. ಲೈನ್ ಮನೆಗಳ ಬಾಗಿಲಲ್ಲಿ ಒಬ್ಬೊಬ್ಬರೇ ಕೂತಿರುತ್ತಾರೆ. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲೂ ಮನುಷ್ಯ ಇಷ್ಟು ಒಬ್ಬನೇ ಇರಬಹುದೆಂದು ನನಗೆ ಗೊತ್ತಿರಲಿಲ್ಲ.

‘ನೀನು ಕೇಳ್ತೀಯಾ?’

ಒಂದು ಬೆಳಿಗ್ಗೆ ತಾತ ಫೋನಿನಲ್ಲಿ ಅಂಕಿಗಳನ್ನು ಓದುತ್ತಿದ್ದದ್ದು ಕೇಳಿಸಿತು. ‘ನಾಲ್ಕು... ಏಳು...’ ಓಡಿಹೋಗಿ ಕಿತ್ತುಕೊಂಡೆ. ಆ ಕಡೆಯವನು ಪಿಂಚಣಿ ಕಚೇರಿಯವನಂತೆ, ಲೈಫ್ ಸರ್ಟಿಫಿಕೇಟ್ ಅಪ್‌ಡೇಟ್ ಮಾಡುತ್ತಾನಂತೆ, ಓಟಿಪಿ ಬೇಕಂತೆ. ಕಟ್ ಮಾಡಿ ನಂಬರ್ ಬ್ಲಾಕ್ ಮಾಡಿದೆ. ದುಡ್ಡು ಹೋಗಿರಲಿಲ್ಲ. ಆದರೆ ನನ್ನ ಬಾಯಿ ಸುಮ್ಮನಿರಲಿಲ್ಲ. ‘ಯಾರು ಏನು ಕೇಳಿದ್ರೂ ಹೇಳಿಬಿಡ್ತೀರಾ? ಅಷ್ಟೂ ಗೊತ್ತಾಗಲ್ವಾ?’ ಎಂದು ಕೂಗಾಡಿದೆ.

ತಾತ ತಲೆ ಎತ್ತಲಿಲ್ಲ. ‘ನಾಲ್ಕು ದಿನದಿಂದ ಮಾಡ್ತಾ ಅವ್ನೆ ಕಣಮ್ಮಾ. ಮಾತ್ರೆ ತಗೊಂಡ್ರಾ ತಾತಾ ಅಂತ ಕೇಳ್ತಾನೆ. ನೀನು ಕೇಳ್ತೀಯಾ?’ ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರಿಗೆ ಬಿ.ಪಿ. ಮಾತ್ರೆ ಇದೆ ಎಂಬುದು ಗೊತ್ತಿತ್ತು. ದಿನಕ್ಕೆ ಎಷ್ಟು, ಯಾವಾಗ ಎಂಬುದು ಗೊತ್ತಿರಲಿಲ್ಲ. ಕಳ್ಳನಿಗೆ ಗೊತ್ತಿತ್ತು.

ಹಿರಿಯರು ಮೋಸ ಹೋಗುವುದು ದಡ್ಡತನದಿಂದ ಎಂದು ನಾವು ತಿಳಿದಿದ್ದೇವೆ. ಎಷ್ಟೋ ಸಲ ಅದು ದಡ್ಡತನವಲ್ಲ. ಇಡೀ ದಿನದಲ್ಲಿ ಅವರನ್ನು ಹೆಸರು ಹಿಡಿದು ವಿಚಾರಿಸಿದ ದನಿ ಅದೊಂದೇ ಆಗಿರುತ್ತದೆ. ಹಣ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಇದನ್ನು ಎಲ್ಲರೂ ತಿಳಿದಿರಬೇಕು. ಆದರೆ ಆ ದನಿಯ ಜಾಗ ಖಾಲಿ ಇದ್ದದ್ದು ಯಾಕೆ ಎಂಬ ಪ್ರಶ್ನೆಗೆ ಯಾವ ಸಹಾಯವಾಣಿಯಲ್ಲೂ ಉತ್ತರ ಸಿಗುವುದಿಲ್ಲ.

ಆ ರಾತ್ರಿ ಓದಲು ಕೂತವಳು ಒಂಟಿತನದ ಬಗ್ಗೆಯೇ ಹುಡುಕಿ ಓದಿದೆ. ಬ್ರಿಟನ್ 2018ರಲ್ಲಿ ಒಂಟಿತನದ ಹೊಣೆಯನ್ನು ಒಬ್ಬ ಸಚಿವರಿಗೇ ವಹಿಸಿದೆ. ಜಪಾನ್ 2021ರಲ್ಲಿ ಅದೇ ಹಾದಿ ಹಿಡಿದಿದೆ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿ 2023ರಲ್ಲಿ ಒಂಟಿತನವನ್ನು ಸಾಂಕ್ರಾಮಿಕವೆಂದು ಕರೆದು ದೇಶಕ್ಕೆ ಎಚ್ಚರಿಕೆ ಕೊಟ್ಟರು. ಅವರು ನಮ್ಮವರೇ; ಮನೆತನ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ ಜಗತ್ತಿನಲ್ಲಿ ಆರರಲ್ಲಿ ಒಬ್ಬರಿಗೆ ಒಂಟಿತನದ ಕಾಟವಿದೆ. ಹೃದಯಕ್ಕೆ, ಮಿದುಳಿಗೆ, ಸಕ್ಕರೆ ಕಾಯಿಲೆಗೆ ಎಲ್ಲಕ್ಕೂ ಅದರ ನಂಟಿದೆ. ಅದೇ ವರದಿಯ ಇನ್ನೊಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು: ಒಂಟಿತನ ಹೆಚ್ಚು ಕಾಡುತ್ತಿರುವುದು ಮುದುಕರನ್ನಷ್ಟೇ ಅಲ್ಲ, ಹದಿಹರೆಯದವರನ್ನು ಮತ್ತು ನಮ್ಮಂಥ ಯುವಜನರನ್ನೂ.

ಯೋಚಿಸಿದೆ. ಕೆಲಸ ಬಿಟ್ಟ ಮೇಲೆ ನನಗೂ ಯಾರು ಫೋನ್ ಮಾಡಿದ್ದಾರೆ? ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿನಿಂದ ತೆಗೆದಿದ್ದರು. ಕಾಲೇಜಿನ ಗೆಳತಿಯರಿಗೆ ‘ಇನ್ನೂ ಏನೂ ಆಗಿಲ್ಲ’ ಎಂದು ಹೇಳಲು ನಾಚಿಕೆಯಾಗಿ ನಾನೇ ಮಾತು ಬಿಟ್ಟಿದ್ದೆ. ಒಳಗೊಬ್ಬಳು, ಜಗಲಿಯಲ್ಲೊಬ್ಬರು. ನಡುವೆ ಒಂದು ಗೋಡೆ. ಇಬ್ಬರದೂ ಒಂದೇ ಕಾಯಿಲೆ.

ಕಣ್ಣು ಮಿಟುಕಿಸಿದರೆ ಬದುಕಿದ ಹಾಗೆ

ಮರುದಿನದಿಂದಲೇ ಉದ್ಧಾರ ಮಾಡಲು ಹೊರಟೆ. ಮೊದಲು ಅಪ್ಪನ ಹಳೆಯ ಸ್ಮಾರ್ಟ್‌ಫೋನ್ ತಂದು ತಾತನನ್ನು ಮನೆಯವರ ಗ್ರೂಪಿಗೆ ಸೇರಿಸಿದೆ. ಬೆಳಿಗ್ಗೆ ಎದ್ದರೆ ಇಪ್ಪತ್ತು ‘ಶುಭೋದಯ’ ಬರುತ್ತಿತ್ತು. ಎರಡು ದಿನ ನೋಡಿ ‘ಇದರಲ್ಲಿ ಯಾರೂ ಏನೂ ಹೇಳಲ್ವಲ್ಲಮ್ಮಾ’ ಎಂದು ಬದಿಗಿಟ್ಟರು. ಸಂಜೆ ವಾಕಿಂಗಿಗೆ ಕರೆದೆ. ‘ಕಾಯಿಲೆಯೋನ್ನ ಕರ್ಕೊಂಡು ಹೋದಂಗೆ ಕರ್ಕೊಂಡು ಹೋಗ್ಬೇಡ’ ಎಂದರು. ಮಾತ್ರೆ ಆಯ್ತಾ ಎಂದು ದಿನಕ್ಕೆ ಮೂರು ಸಲ ಕೇಳಿದೆ. ‘ಆಯ್ತು, ಆಯ್ತು’ ಎಂದು ಸಿಡುಕಿದರು.

ಕೆಲಸಕ್ಕೆ ಬಂದದ್ದು ನಾನು ಯೋಜನೆ ಹಾಕದೇ ಇದ್ದ ಒಂದು ಸಂಗತಿ. ಪಿಂಚಣಿ ಬರಬೇಕಾದರೆ ವರ್ಷಕ್ಕೊಮ್ಮೆ ‘ನಾನು ಬದುಕಿದ್ದೇನೆ’ ಎಂದು ಪ್ರಮಾಣಪತ್ರ ಕೊಡಬೇಕು. ಇಪಿಎಸ್ ಪಿಂಚಣಿದಾರರು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಹಿಂದಿನ ವರ್ಷ ಒಂದು ಕಚೇರಿಯಲ್ಲಿ ತಾತನ ಹತ್ತು ಬೆರಳಲ್ಲಿ ಒಂದನ್ನೂ ಯಂತ್ರ ಗುರುತಿಸಿರಲಿಲ್ಲ. ಕಲ್ಲು ಕೊರೆದ ಕೈ, ಗೆರೆಗಳೇ ಸವೆದುಹೋಗಿದ್ದವು. ಮೂರು ಸಲ ಅಲೆದಿದ್ದರು. ಈಗ ಮೊಬೈಲಿನಲ್ಲೇ ಮುಖ ತೋರಿಸಿ ಮಾಡಬಹುದು. ‘ಜೀವನ್ ಪ್ರಮಾಣ್’ ಮತ್ತು ‘ಆಧಾರ್ ಫೇಸ್ ಆರ್‌ಡಿ’ ಎಂಬ ಎರಡು ಆ್ಯಪ್ ಹಾಕಿಕೊಳ್ಳಬೇಕು. ಆಧಾರ್ ಸಂಖ್ಯೆ, ಪಿಂಚಣಿ ಆದೇಶದ ಪಿಪಿಒ ಸಂಖ್ಯೆ, ಬ್ಯಾಂಕ್ ಖಾತೆ ವಿವರ ಕೊಡಬೇಕು. ಕೊನೆಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕು. ಮಿಟುಕಿಸಿದರೆ ಬದುಕಿದ್ದೀರಿ ಎಂದು ಲೆಕ್ಕ. ತಾತನದು ಜಗಲಿಯಲ್ಲೇ ಹತ್ತು ನಿಮಿಷದಲ್ಲಿ ಮುಗಿಯಿತು.

ಅವರು ತುಂಬಾ ಹೊತ್ತು ಆ ಫೋನನ್ನೇ ನೋಡಿದರು. ಆಮೇಲೆ ಕೇಳಿದರು, ‘ನಮ್ ಗ್ಯಾಂಗಿನೋನು ಒಬ್ಬ ಮಾರಿಕುಪ್ಪಂನಲ್ಲಿ ಅವ್ನೆ. ನಡೆಯೋಕಾಗಲ್ಲ. ಅವನಿಗೂ ಮಾಡಿಕೊಡ್ತೀಯಾ?’

ಹೋದೆವು. ದಾರಿ ತೋರಿಸಿದವರು ತಾತ. ಯಾವ ಲೈನು, ಎಷ್ಟನೇ ಮನೆ ಎಲ್ಲವೂ ಅವರ ತಲೆಯಲ್ಲಿತ್ತು. ಆ ತಾತನ ಎದೆಯಲ್ಲಿ ಕಲ್ಲಿನ ದೂಳು ಕೂತಿದೆ. ನಾಲ್ಕು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಾರೆ. ಇಬ್ಬರೂ ಹತ್ತು ನಿಮಿಷ ಸುಮ್ಮನೆ ಕೂತರು. ನಂತರ ಒಬ್ಬರು ಒಂದು ಹೆಸರು ಹೇಳಿದರು. ಒಮ್ಮೆ ಬಂಡೆ ಸಿಡಿದಾಗ ಮೇಲೆ ಬಾರದೇ ಹೋದ ಜೊತೆಗಾರನ ಹೆಸರು. ಅಲ್ಲಿಂದ ಮಾತು ನಿಲ್ಲಲೇ ಇಲ್ಲ, ಅರ್ಧ ತಮಿಳಿನಲ್ಲಿ, ಅರ್ಧ ಕನ್ನಡದಲ್ಲಿ. ಆ ಕಥೆಯನ್ನು ತಾತ ನಮ್ಮ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಾವು ಯಾರೂ ಕೇಳಿಯೂ ಇರಲಿಲ್ಲ.

ಮನೆಗೆ ಬಂದವರೇ ನನ್ನ ನೋಟ್ ಪುಸ್ತಕದಿಂದ ಎರಡು ಹಾಳೆ ಹರಿಸಿಕೊಂಡು ಹೆಸರು ಬರೆಯಲು ಕೂತರು. ರಾತ್ರಿಯ ಹೊತ್ತಿಗೆ 31 ಹೆಸರಾಯಿತು. ಪ್ರತಿ ಮಂಗಳವಾರ, ಶುಕ್ರವಾರ ಹೊರಡುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವರೂ ಅವರೇ.

ಎಲ್ಲವೂ ಸಿನಿಮಾದಂತೆ ನಡೆಯಲಿಲ್ಲ. 31ರಲ್ಲಿ ಒಂಬತ್ತು ಮಂದಿ ಆಗಲೇ ತೀರಿಕೊಂಡಿದ್ದರು. ಒಂದು ಮನೆಯ ಬಾಗಿಲಲ್ಲಿ ಸಾವಿನ ಸುದ್ದಿ ಕೇಳಿ ತಾತ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ‘ಎರಡು ವರ್ಷ ಆಯ್ತಂತೆ. ಒಂದೂವರೆ ಮೈಲಿ ದೂರ. ನಂಗೆ ಗೊತ್ತಾಗಲಿಲ್ಲ’ ಎಂದರು. ನಾಲ್ವರು ಮಕ್ಕಳ ಜತೆ ಊರು ಬಿಟ್ಟಿದ್ದರು. ಒಬ್ಬರು ನಮ್ಮನ್ನೇ ಮೋಸಗಾರರೆಂದು ಬೈದು ಬಾಗಿಲು ಹಾಕಿಕೊಂಡರು. ತಪ್ಪು ಅವರದಲ್ಲ. ‘ಓಟಿಪಿ ಯಾರಿಗೂ ಹೇಳಬೇಡಿ’ ಎಂದು ಹೇಳಿಕೊಟ್ಟು, ಮರುಕ್ಷಣವೇ ‘ಈಗ ಬಂದ ಓಟಿಪಿ ಎಷ್ಟು?’ ಎಂದು ಕೇಳುವವಳು ನಾನು! ಆಮೇಲಿಂದ ಮನೆಯವರೊಬ್ಬರು ಜೊತೆಗಿದ್ದಾಗಲೇ ಹೋಗುವುದು, ಫೋನನ್ನು ಅವರ ಕೈಯಲ್ಲೇ ಇಡುವುದು ಎಂದು ನಿಯಮ ಮಾಡಿಕೊಂಡೆವು.

ಕೋರಮಂಡಲ್ ಕಡೆಯ ಒಬ್ಬ ಪಾಟಿಗೆ ಗಂಡನ ಪಿಂಚಣಿ ಬರುತ್ತದೆ. ಕಣ್ಣು ಮಿಟುಕಿಸಿ ಅಂದರೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂರುತ್ತಿದ್ದರು. ಏಳು ಸಲ ಆಯಿತು. ಎಂಟನೆಯ ಸಲ ಎಲ್ಲರಿಗೂ ನಗು ಬಂತು. ನಗುವಾಗ ಅವರ ಕಣ್ಣು ತಾನಾಗಿ ಮಿಟುಕಿ ಕೆಲಸ ಆಗಿಹೋಯಿತು. ಹೊರಡುವಾಗ ‘ಸರ್ಟಿಫಿಕೇಟ್ ಇಲ್ಲದಿದ್ರೂ ಬಾಮ್ಮಾ’ ಅಂದರು. ಈಗ ಹೋಗುತ್ತೇನೆ.

ಕೇಳುವುದಲ್ಲ, ಕೇಳಿಕೊಳ್ಳುವುದು

ಇದರಿಂದ ನನಗೆ ಅರ್ಥವಾದದ್ದು ಒಂದೇ. ಹಿರಿಯರಿಗೆ ಬೇಕಿರುವುದು ನಮ್ಮ ಕರುಣೆಯಲ್ಲ. ‘ನಿಮ್ಮಿಂದ ಒಂದು ಕೆಲಸ ಆಗಬೇಕು’ ಎಂಬ ಮಾತು. ವಾಕಿಂಗಿಗೆ ಬಾರದ ತಾತ ವಿಳಾಸ ಹುಡುಕಲು ಎರಡು ಮೈಲಿ ನಡೆದರು. ನಾನು ಅವರನ್ನು ನೋಡಿಕೊಳ್ಳುತ್ತಿದ್ದಷ್ಟು ದಿನ ಅವರು ಜಗಲಿ ಬಿಟ್ಟು ಏಳಲಿಲ್ಲ. ಅವರಿಲ್ಲದೆ ನನಗೆ ದಾರಿಯೇ ಗೊತ್ತಿಲ್ಲ ಎಂದಾದ ದಿನ ಬೆಳಿಗ್ಗೆ ಏಳಕ್ಕೇ ಶರ್ಟು ತೊಟ್ಟು ಕೂತಿದ್ದರು. ನನಗೂ ಅಷ್ಟೆ. ಕೆಲಸವಿಲ್ಲದ ನನ್ನನ್ನು ಯಾರೋ ಮಂಗಳವಾರ ಕಾಯುತ್ತಾರೆ ಎಂಬುದು ಸಣ್ಣ ಸಂಗತಿಯಲ್ಲ.

ಎಲ್ಲ ಸರಿಹೋಯಿತು ಎಂದು ಹೇಳುವುದಿಲ್ಲ. ಕೆಲವು ಸಂಜೆ ತಾತ ಅಜ್ಜಿಯ ಕುರ್ಚಿಯ ಕಡೆ ನೋಡುತ್ತಾ ಕೂತುಬಿಡುತ್ತಾರೆ. ಆ ಜಾಗ ತುಂಬುವಂಥದ್ದಲ್ಲ. ಆಗ ನಾನು ಪುಸ್ತಕ ತಂದು ಜಗಲಿಯಲ್ಲೇ ಕೂರುತ್ತೇನೆ, ಇಯರ್‌ಫೋನ್ ಇಲ್ಲದೆ.

ಗೆಳೆಯರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥ ಒಬ್ಬರು ಇದ್ದೇ ಇರುತ್ತಾರೆ. ಅವರಿಂದ ಏನಾದರೂ ಕಲಿಯಲು ಕೇಳಿ: ಅಡುಗೆ, ಭಾಷೆ, ಊರಿನ ಹಳೆಯ ದಾರಿ, ಯಾವುದಾದರೂ ಸರಿ. ದೂರದಲ್ಲಿದ್ದರೆ ಫೋನಿಗೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಐದೇ ನಿಮಿಷವಾದರೂ ದಿನಾ ಅದೇ ಹೊತ್ತಿಗೆ ಮಾಡಿ. ಕಾಯುವುದಕ್ಕೆ ಏನಾದರೂ ಇರುವುದೇ ಅರ್ಧ ಮದ್ದು. ಮಾತು ಕಮ್ಮಿ ಮಾಡಿದ್ದಾರೆ ಅನಿಸಿದರೆ ಕಿವಿ ಪರೀಕ್ಷೆ ಮಾಡಿಸಿ. ಕೇಳಿಸುವುದಿಲ್ಲ ಎಂದು ಹೇಳಲು ಸಂಕೋಚಪಟ್ಟು ಎಷ್ಟೋ ಮಂದಿ ಜನರಿಂದ ದೂರ ಸರಿಯುತ್ತಾರೆ. ಪಿಂಚಣಿ, ಕಾನೂನು, ಕಿರುಕುಳ ಯಾವುದಕ್ಕಾದರೂ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ. ನಿದ್ದೆ, ಊಟ ಬಿಟ್ಟು ಮಂಕಾಗಿದ್ದರೆ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಎರಡೂ ಉಚಿತ. ಟೆಲಿ ಮನಸ್ ಹಿರಿಯರಿಗೆ ಮಾತ್ರ ಅಲ್ಲ, ಫಲಿತಾಂಶಕ್ಕೆ ಕಾಯುತ್ತಾ ಒಳಗೊಳಗೇ ಕುಗ್ಗುತ್ತಿರುವ ನಮಗೂ ಇದೆ.

ನನಗಿನ್ನೂ ಕೆಲಸ ಸಿಕ್ಕಿಲ್ಲ. ಮುಂದಿನ ತಿಂಗಳು ಪರೀಕ್ಷೆ ಇದೆ. ನೆನಪಿಟ್ಟುಕೊಳ್ಳಲು ತಾತನಿಗೆ ಪಾಠ ಒಪ್ಪಿಸುತ್ತೇನೆ. ಮೂಲಭೂತ ಹಕ್ಕುಗಳನ್ನು ನನಗಿಂತ ಚೆನ್ನಾಗಿ ಅವರೇ ಹೇಳುತ್ತಾರೆ.

ಮೊನ್ನೆ ಮಂಗಳವಾರ ಆಂಡರ್ಸನ್‌ಪೇಟೆಗೆ ಹೊರಟಿದ್ದೆವು. ತಾತ ಚಪ್ಪಲಿ ಮೆಟ್ಟುತ್ತಿರುವಾಗ ಫೋನ್ ಬಂತು. ಅದೇ ಲೋನ್. ಹುಡುಗಿ ಪಾಠ ಒಪ್ಪಿಸುವಷ್ಟು ಹೊತ್ತು ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಹೇಳಿದರು, ‘ನಂಗೆ ಈಗ ಪುರುಸೊತ್ತಿಲ್ಲ ಕಣಮ್ಮಾ, ಕೆಲಸ ಐತೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.’

ಈ ಸಲ ಫೋನ್ ಮೊದಲು ಇಟ್ಟದ್ದು ತಾತ.